ಮನೆಯ ಗಣಕಜಾಲ

ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿ ಸರ್ನ್ ಎಂಬ ಸುಪ್ರಸಿದ್ಧ ಭೌತವಿಜ್ಞಾನ ಸಂಶೋಧನ ಕೇಂದ್ರವಿದೆ. 1990ನೆಯ ಇಸವಿಯ ಕೊನೆಯ ವೇಳೆಗೆ ಆ ಕೇಂದ್ರದಲ್ಲಿ ಕಪ್ಪು ಬಣ್ಣದ ಗಣಕಯಂತ್ರವೊಂದು ಹಗಲಿರುಳೂ ಕೆಲಸ ಮಾಡುತ್ತಿತ್ತು. ಅದರ ಮೈಗೆ ಒಂದು ಚೀಟಿಯನ್ನು ಅಂಟಿಸಲಾಗಿತ್ತು. ಈ ಯಂತ್ರವು ಸರ್ವರ್ ಆಗಿದೆ, ಇದಕ್ಕೆ ವಿದ್ಯುತ್ತನ್ನು ನಿಲ್ಲಿಸಕೂಡದು ಎಂಬ ಅರ್ಥದ ಎಚ್ಚರಿಕೆ ಅದರ ಮೇಲೆ ಕೈಬರಹದಲ್ಲಿ, ಕೆಂಪು ಶಾಯಿಯಲ್ಲಿತ್ತು. ಆ ಯಂತ್ರ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ವಿಜ್ಞಾನಿಯದು. ಇಂದು ಜಗತ್ತಿನ ಮೂಲೆಮೂಲೆಯಲ್ಲೂ ಬಳಕೆಯಲ್ಲಿರುವ ವೆಬ್ ಎಂಬ ವ್ಯವಸ್ಥೆಯ ಮೊಟ್ಟಮೊದಲ ಸರ್ವರ್ ಅದೇ. ಸಂಜೆ ಮನೆಗೆ ಹೊರಟ ಯಾರಾದರೂ ಮಿತವ್ಯಯದ ಸದುದ್ದೇಶದಿಂದ ಅದರ ಗುಂಡಿಯನ್ನು ಒತ್ತಿದ್ದರೆ ಅಂದಿನ ಮಟ್ಟಿಗೆ ವೆಬ್ ಎಂಬುದೇ ಇಲ್ಲವಾಗುತ್ತಿತ್ತು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಆ ಕಪ್ಪು ಯಂತ್ರ ಮೇಜಿನ ಮೇಲೆ ಇಟ್ಟುಕೊಂಡು ಬಳಸುವ ಗಣಕವೇ ಆಗಿತ್ತು. ಅದನ್ನು ಸರ್ವರನ್ನಾಗಿ ಮಾಡಿದ್ದು ಅದರ ಆಕಾರವೂ ಅಲ್ಲ, ಗಾತ್ರವೂ ಅಲ್ಲ. ಅದು ವಹಿಸಿಕೊಂಡ ಕರ್ತವ್ಯ. ಸರ್ವರ್ ಎಂದರೆ ಸೇವೆ ಸಲ್ಲಿಸುವುದು ಎಂದರ್ಥ. ಗ್ರಂಥಾಲಯದಲ್ಲಿ ಓದುಗನು ಚೀಟಿ ಬರೆದುಕೊಟ್ಟರೆ ಗ್ರಂಥಪಾಲಕನು ಬೇಕಾದ ಪುಸ್ತಕವನ್ನು ಹುಡುಕಿ ತಂದುಕೊಡುತ್ತಾನೆ. ಅಂತೆಯೇ, ಒಂದು ಗಣಕಯಂತ್ರ ಏನನ್ನಾದರೂ ಕೇಳಿದಾಗ ಅದನ್ನು ಒದಗಿಸುವ ಇನ್ನೊಂದು ಗಣಕಯಂತ್ರವೇ ಸರ್ವರ್. ಕೇಳುವವರು ಯಾವ ಹೊತ್ತಿನಲ್ಲಿ ಬರುವರೆಂದು ತಿಳಿಯದಿರುವುದರಿಂದ ಅದು ಸದಾ ಎಚ್ಚರವಾಗಿರಬೇಕಾಗುತ್ತದೆ. ಈ ಕರ್ತವ್ಯವನ್ನು ಅಂಗೈಯಷ್ಟಗಲದ ಯಂತ್ರವೂ ನೆರವೇರಿಸಬಲ್ಲುದು. ಆದುದರಿಂದಲೇ ಒಂದು ಸಾಮಾನ್ಯ ಮನೆಯಲ್ಲಿಯೂ ಸರ್ವರ್ ಇರಲು ಸಾಧ್ಯವಾಗಿದೆ.

ಮನೆಗೆ ಸರ್ವರಿನ ಅಗತ್ಯವೇನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಹಿಂದಿನ ಕಾಲದಲ್ಲಿ ಪ್ರತಿಯೊಂದು ಮನೆಯಲ್ಲಿಯೂ ಒಂದು ಟ್ರಂಕು ಇರುತ್ತಿತ್ತು. ಜಮೀನಿನ ಪತ್ರ, ಮಕ್ಕಳ ಅಂಕಪಟ್ಟಿ, ಮದುವೆಯ ಭಾವಚಿತ್ರ, ದೂರದ ಊರಿನಿಂದ ಬಂದ ಕಾಗದ ಇವೆಲ್ಲ ಆ ಟ್ರಂಕಿನಲ್ಲಿ ಭದ್ರವಾಗಿರುತ್ತಿದ್ದುವು. ಇಂದು ಇವುಗಳಲ್ಲಿ ಬಹುಪಾಲು ಕಾಗದದ ರೂಪವನ್ನು ತೊರೆದು ಅಂಕಿಗಳ ರೂಪವನ್ನು ತಾಳಿವೆ. ಭಾವಚಿತ್ರ ಮೊಬೈಲ್ ಫೋನಿನಲ್ಲಿದೆ. ಅಜ್ಜಿ ಹಾಡಿದ ಸೋಬಾನೆಯ ಧ್ವನಿಮುದ್ರಣ ಇನ್ನೊಂದು ಫೋನಿನಲ್ಲಿದೆ. ಲೆಕ್ಕಪತ್ರ ಯಾವುದೋ ಹಳೆಯ ಗಣಕದಲ್ಲಿದೆ. ಫೋನು ನೀರಿಗೆ ಬಿದ್ದರೆ, ಕಳುವಾದರೆ, ಅದರೊಡನೆ ನೆನಪುಗಳೂ ಹೋಗುತ್ತವೆ.

ಈ ಭಯವನ್ನು ನೀಗಲು ಅನೇಕರು ತಮ್ಮ ಸಂಗ್ರಹವನ್ನು ಅಂತರಜಾಲದ ಮೂಲಕ ದೊಡ್ಡ ಸಂಸ್ಥೆಗಳ ವಶಕ್ಕೆ ಒಪ್ಪಿಸುತ್ತಾರೆ. ವಿಶಾಲವಾದ ಭವನಗಳಲ್ಲಿ ಸಾವಿರಾರು ಸರ್ವರುಗಳನ್ನು ಸಾಲಾಗಿ ಜೋಡಿಸಿ, ಅವುಗಳನ್ನು ತಂಪಾಗಿರಿಸಿ, ನುರಿತ ಕೆಲಸಗಾರರಿಂದ ನೋಡಿಕೊಳ್ಳುವ ಈ ಸಂಸ್ಥೆಗಳ ಸೇವೆ ಮೆಚ್ಚತಕ್ಕುದೇ. ಆದರೆ ಅಲ್ಲಿ ಗ್ರಾಹಕನು ಒಡೆಯನಲ್ಲ, ಬಾಡಿಗೆದಾರ. ಸಂಸ್ಥೆಯು ನಿಯಮವನ್ನು ಬದಲಿಸಿದರೆ, ಶುಲ್ಕವನ್ನು ಹೆಚ್ಚಿಸಿದರೆ, ಸೇವೆಯನ್ನೇ ನಿಲ್ಲಿಸಿದರೆ ಅವನು ಅದಕ್ಕೆ ತಲೆಬಾಗಬೇಕು. 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಜಿಯೋಸಿಟೀಸ್ ಎಂಬ ಸೇವೆಯಲ್ಲಿ ಲಕ್ಷಾಂತರ ಜನ ಸಾಮಾನ್ಯರು ತಮ್ಮ ಪುಟಗಳನ್ನು ರಚಿಸಿಕೊಂಡಿದ್ದರು. ಅದನ್ನು 1999ರಲ್ಲಿ ಕೊಂಡ ಯಾಹೂ ಸಂಸ್ಥೆ 2009ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಅದರ ಬಾಗಿಲು ಮುಚ್ಚಿತು. ಕೆಲವು ಉತ್ಸಾಹಿಗಳು ಸಕಾಲದಲ್ಲಿ ನಕಲು ಮಾಡಿಟ್ಟುಕೊಂಡ ಪುಟಗಳು ಉಳಿದುವು, ಮಿಕ್ಕವು ಅಳಿದುವು. ಮನೆಯ ಟ್ರಂಕಿನ ಬೀಗದಕೈ ಮನೆಯವರ ಬಳಿಯೇ ಇರಬೇಕೆಂಬ ಹಳೆಯ ವಿವೇಕ ಇಂದಿಗೂ ಸಲ್ಲುತ್ತದೆ.

ಇಷ್ಟಾದರೂ, ಹಗಲಿರುಳೂ ಗಣಕಯಂತ್ರವನ್ನು ನಡೆಸುವುದು ಒಂದು ಮನೆಗೆ ಎಟಕುವ ವೆಚ್ಚವೇ? ಇದಕ್ಕೆ ಉತ್ತರವನ್ನು ಗಣಿತವೇ ಕೊಡುತ್ತದೆ. ಒಂದು ಸಾವಿರ ವಾಟ್ ಸಾಮರ್ಥ್ಯದ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್ ವಿದ್ಯುತ್ತು ಖರ್ಚಾಗುತ್ತದೆ. ಮೇಜಿನ ಮೇಲಿನ ಹಳೆಯ ಗಣಕವೊಂದು 100 ವಾಟ್ ಬಳಸುವುದಾದರೆ ದಿನಕ್ಕೆ 2.4 ಯೂನಿಟ್, ವರ್ಷಕ್ಕೆ 876 ಯೂನಿಟ್ ಬೇಕು. ಅಂಗೈಯಗಲದ ಚಿಕ್ಕ ಗಣಕ ತನ್ನ ಸಂಗ್ರಹದ ಡಿಸ್ಕನ್ನೂ ಸೇರಿಸಿಕೊಂಡು 10 ವಾಟ್ ಬಳಸುವುದಾದರೆ ವರ್ಷಕ್ಕೆ 87.6 ಯೂನಿಟ್ ಸಾಕು. ಅದು ಒಂದು ಎಲ್.ಇ.ಡಿ. ದೀಪವನ್ನು ಸದಾ ಉರಿಸುವುದಕ್ಕೆ ಸಮ. ಎರಡಕ್ಕೂ ಇರುವ ಅಂತರ ವರ್ಷಕ್ಕೆ ಸುಮಾರು 788 ಯೂನಿಟ್. ಯಂತ್ರ ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಪರಿಣಮಿಸುವುದರಿಂದ, ಕಡಿಮೆ ವಿದ್ಯುತ್ತಿನ ಯಂತ್ರ ಹೆಚ್ಚು ಕಾಯುವುದೂ ಇಲ್ಲ. ಅನೇಕ ವೇಳೆ ಅದಕ್ಕೆ ಬೀಸಣಿಗೆಯೇ ಬೇಕಾಗುವುದಿಲ್ಲ. ಆದುದರಿಂದ ಸದ್ದೂ ಇರುವುದಿಲ್ಲ.

ಇಷ್ಟು ಮಿತಾಹಾರಿಯಾದ ಯಂತ್ರ ಹುಟ್ಟಿದ ಕಥೆ ಸ್ವಾರಸ್ಯಕರವಾಗಿದೆ. ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿ ಏಕಾರ್ನ್ ಎಂಬ ಸಂಸ್ಥೆಯೊಂದಿತ್ತು. 1980ರ ದಶಕದಲ್ಲಿ ಅದರ ಗಣಕಗಳು ಬ್ರಿಟನ್ನಿನ ಶಾಲೆಗಳಲ್ಲಿ ಬಹು ಪ್ರಚಾರದಲ್ಲಿದ್ದುವು. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಎಂಬಿಬ್ಬರು ತಜ್ಞರು ಅಲ್ಲಿ ಒಂದು ಹೊಸ ಪ್ರೊಸೆಸರನ್ನು, ಎಂದರೆ ಗಣಕದ ಮಿದುಳಿನಂತಿರುವ ಚಿಪ್ಪನ್ನು, ರೂಪಿಸಿದರು. ಅದೇ ಆರ್ಮ್ ಪ್ರೊಸೆಸರ್. ಹೆಚ್ಚು ಕಾಯುವ ಚಿಪ್ಪಿಗೆ ಪಿಂಗಾಣಿಯ ದುಬಾರಿ ಕವಚ ಬೇಕಾಗುತ್ತಿತ್ತು. ಪ್ಲಾಸ್ಟಿಕ್ಕಿನ ಕವಚ ಅಗ್ಗ. ಆ ಅಗ್ಗದ ಕವಚದಲ್ಲಿಯೇ ಇರಿಸಬೇಕಾದರೆ ಚಿಪ್ಪು ಒಂದು ವಾಟಿಗಿಂತ ಹೆಚ್ಚು ವಿದ್ಯುತ್ತನ್ನು ಬಳಸಕೂಡದೆಂದು ಅವರು ನಿಶ್ಚಯಿಸಿಕೊಂಡರು.

1985ನೆಯ ಏಪ್ರಿಲ್ 26ರಂದು ಮೊದಲ ಚಿಪ್ಪು ಕೈಸೇರಿತು. ಅದನ್ನು ಪರೀಕ್ಷಾಫಲಕಕ್ಕೆ ಜೋಡಿಸಿದಾಗ ಅದು ಸರಿಯಾಗಿಯೇ ಕೆಲಸ ಮಾಡತೊಡಗಿತು. ಅದು ಎಷ್ಟು ವಿದ್ಯುತ್ತನ್ನು ಬಳಸುತ್ತಿದೆಯೆಂದು ಅಳೆದು ನೋಡಿದರೆ ಮಾಪಕದ ಮುಳ್ಳು ಸೊನ್ನೆಯನ್ನು ಬಿಟ್ಟು ಕದಲಲಿಲ್ಲ! ಪರಿಶೀಲಿಸಿದಾಗ ಕಾರಣ ತಿಳಿಯಿತು. ಫಲಕದ ದೋಷದಿಂದಾಗಿ ಚಿಪ್ಪಿಗೆ ವಿದ್ಯುತ್ತಿನ ಮುಖ್ಯ ಸಂಪರ್ಕವೇ ಏರ್ಪಟ್ಟಿರಲಿಲ್ಲ. ಸುತ್ತಲಿನ ಬಿಡಿಭಾಗಗಳಿಂದ ಸಂಕೇತದ ತಂತಿಗಳ ಮೂಲಕ ಜಿನುಗಿ ಬಂದ ಅತ್ಯಲ್ಪ ವಿದ್ಯುತ್ತಿನಿಂದಲೇ ಅದು ನಡೆಯುತ್ತಿತ್ತು. ಅಗ್ಗದ ಕವಚಕ್ಕಾಗಿ ಕೈಗೊಂಡ ಮಿತವ್ಯಯ ಮುಂದೆ ಜಗತ್ತಿನ ಹಣೆಬರಹವನ್ನೇ ಬದಲಿಸಿತು. ಬ್ಯಾಟರಿಯಿಂದ ನಡೆಯುವ ಮೊಬೈಲ್ ಫೋನುಗಳು ಬಂದಾಗ ಅವುಗಳಿಗೆ ತಕ್ಕ ಪ್ರೊಸೆಸರ್ ಆಗಿ ಒದಗಿದ್ದು ಆರ್ಮ್ ಮನೆತನದ ಚಿಪ್ಪುಗಳೇ.

ಚಿಪ್ಪು ವಿದ್ಯುತ್ತನ್ನು ಬಳಸುವ ಬಗೆಯನ್ನು ಇಲ್ಲಿ ಸ್ಥೂಲವಾಗಿ ಅರಿಯಬಹುದು. ಅದರೊಳಗೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳು ಕ್ಷಣಕ್ಷಣವೂ ತೆರೆಯುತ್ತ ಮುಚ್ಚುತ್ತ ಇರುತ್ತವೆ. ಪ್ರತಿಯೊಂದು ಸಲ ತೆರೆದು ಮುಚ್ಚುವಾಗಲೂ ಕಿಂಚಿತ್ತು ಶಕ್ತಿ ವ್ಯಯವಾಗುತ್ತದೆ. ಈ ವ್ಯಯ ವಿದ್ಯುತ್ತಿನ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಎಂದರೆ ವೋಲ್ಟೇಜನ್ನು ಅರ್ಧಕ್ಕೆ ಇಳಿಸಿದರೆ ವ್ಯಯ ಕಾಲುಭಾಗಕ್ಕೆ ಇಳಿಯುತ್ತದೆ. ಅಲ್ಲದೆ, ಕೆಲಸವಿಲ್ಲದಾಗ ತೆರೆದು ಮುಚ್ಚುವ ವೇಗವನ್ನು ತಗ್ಗಿಸಿದರೆ ಮತ್ತಷ್ಟು ಉಳಿತಾಯವಾಗುತ್ತದೆ. ಮನೆಯ ಸರ್ವರ್ ದಿನದ ಬಹುಭಾಗವನ್ನು ಯಾರೂ ಏನನ್ನೂ ಕೇಳದೆ ಕಾಯುವುದರಲ್ಲಿಯೇ ಕಳೆಯುತ್ತದೆ. ಆದುದರಿಂದ ದುಡಿಯುವಾಗ ಎಷ್ಟು ಬಳಸುತ್ತದೆ ಎಂಬುದಕ್ಕಿಂತ ಸುಮ್ಮನಿರುವಾಗ ಎಷ್ಟು ಬಳಸುತ್ತದೆ ಎಂಬುದೇ ಇಲ್ಲಿ ಮುಖ್ಯ.

ಅದೇ ಕೇಂಬ್ರಿಜ್ ನಗರದಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ಗಣಕವಿಜ್ಞಾನವನ್ನು ಓದಲು ಬರುವ ವಿದ್ಯಾರ್ಥಿಗಳ ಸಂಖ್ಯೆ ಕುಗ್ಗುತ್ತಿರುವುದನ್ನು ಅಲ್ಲಿನ ವಿಶ್ವವಿದ್ಯಾನಿಲಯದ ಎಬೆನ್ ಅಪ್ಟನ್ ಮತ್ತು ಅವರ ಸಂಗಡಿಗರು ಕಂಡರು. ಮಕ್ಕಳು ಹೆದರದೆ ಬಿಚ್ಚಿ ಜೋಡಿಸಿ ಕಲಿಯಬಲ್ಲ ಅಗ್ಗದ ಗಣಕವೊಂದು ಬೇಕೆಂದು ಅವರಿಗೆ ತೋರಿತು. ಅವರ ಶ್ರಮದ ಫಲವಾಗಿ 2012ನೆಯ ಫೆಬ್ರವರಿ 29ರಂದು ರಾಸ್ಪ್‌ಬೆರಿ ಪೈ ಎಂಬ ಗಣಕ ಮಾರುಕಟ್ಟೆಗೆ ಬಂದಿತು. ಅದರ ಉದ್ದ ಸುಮಾರು 85 ಮಿಲಿಮೀಟರ್, ಅಗಲ 56 ಮಿಲಿಮೀಟರ್. ಬೆಲೆ 35 ಡಾಲರ್. ಅದರ ಮಿದುಳು ಆರ್ಮ್ ಪ್ರೊಸೆಸರ್. ಮಕ್ಕಳ ಕಲಿಕೆಗೆಂದು ಹುಟ್ಟಿದ ಈ ಯಂತ್ರವನ್ನು ಮನೆಯ ಸರ್ವರನ್ನಾಗಿ ದುಡಿಸಬಹುದೆಂಬುದನ್ನು ಹವ್ಯಾಸಿಗಳು ಬಹುಬೇಗ ಕಂಡುಕೊಂಡರು. ಇದನ್ನು ನಡೆಸಲು ಬೇಕಾದ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಯಾರು ಬೇಕಾದರೂ ಉಚಿತವಾಗಿ ಪಡೆದು ತಿದ್ದಿಕೊಳ್ಳಬಹುದಾದದ್ದು. ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ವಿದ್ಯಾರ್ಥಿಯಾಗಿದ್ದಾಗಲೇ 1991ರಲ್ಲಿ ಅದನ್ನು ಆರಂಭಿಸಿದರು.

ಸರ್ವರ್ ಒಂಟಿಯಾಗಿದ್ದರೆ ಪ್ರಯೋಜನವಿಲ್ಲ. ಮನೆಯ ಫೋನು, ಗಣಕ, ಮುದ್ರಣಯಂತ್ರ ಮೊದಲಾದವುಗಳೊಡನೆ ಅದಕ್ಕೆ ಸಂಪರ್ಕವಿರಬೇಕು. ಈ ಸಂಪರ್ಕಗಳ ಸಮೂಹವೇ ಮನೆಯ ಗಣಕಜಾಲ. ಅದರ ಅಂಗಗಳು ಹೆಚ್ಚಿಲ್ಲ. ಹೊರಗಿನಿಂದ ಬರುವ ಅಂತರಜಾಲದ ಎಳೆ ಮೊದಲು ರೌಟರ್ ಎಂಬ ಪೆಟ್ಟಿಗೆಯನ್ನು ಸೇರುತ್ತದೆ. ಇದು ಊರ ಹೆಬ್ಬಾಗಿಲಿನ ಕಾವಲುಗಾರನಿದ್ದಂತೆ. ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಸಾಗಿಸುತ್ತದೆ. ರೌಟರಿನಿಂದ ಹೊರಟ ತಂತಿ ಸ್ವಿಚ್ ಎಂಬ ಇನ್ನೊಂದು ಪೆಟ್ಟಿಗೆಗೆ ಹೋಗುತ್ತದೆ. ದೀಪವನ್ನು ಹೊತ್ತಿಸುವ ಸ್ವಿಚ್ಚಿಗೂ ಇದಕ್ಕೂ ಸಂಬಂಧವಿಲ್ಲ. ಇದು ಅಂಚೆಯನ್ನು ವಿಂಗಡಿಸುವ ಗುಮಾಸ್ತೆಯಂತೆ, ಬಂದ ಸಂದೇಶದ ವಿಳಾಸವನ್ನು ನೋಡಿ ಅದು ಯಾರಿಗೆ ಸೇರಬೇಕೋ ಅವರ ತಂತಿಯಲ್ಲಿ ಮಾತ್ರ ಕಳುಹಿಸುತ್ತದೆ. ಸರ್ವರನ್ನು ಈ ಸ್ವಿಚ್ಚಿಗೆ ಜೋಡಿಸಲಾಗುತ್ತದೆ.

ಈ ತಂತಿಯ ವ್ಯವಸ್ಥೆಗೆ ಈಥರ್ನೆಟ್ ಎಂದು ಹೆಸರು. 1973ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್ಕಾಫ್ ಮತ್ತು ಡೇವಿಡ್ ಬಾಗ್ಸ್ ಎಂಬುವರು ಇದನ್ನು ರೂಪಿಸಿದರು. ಬೆಳಕಿನ ಅಲೆಗಳನ್ನು ಹೊತ್ತೊಯ್ಯುವ ಈಥರ್ ಎಂಬ ಮಾಧ್ಯಮ ವಿಶ್ವವನ್ನೆಲ್ಲ ವ್ಯಾಪಿಸಿದೆಯೆಂದು ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ನಂಬಿದ್ದರು. 1887ರ ಮೈಕೆಲ್ಸನ್ ಮತ್ತು ಮಾರ್ಲೆಯವರ ಪ್ರಯೋಗ ಆ ನಂಬಿಕೆಯನ್ನು ಅಲ್ಲಾಡಿಸಿತು. ವಿಜ್ಞಾನ ಕೈಬಿಟ್ಟ ಆ ಹೆಸರು ಗಣಕಜಾಲದಲ್ಲಿ ಉಳಿದುಕೊಂಡಿತು.

ಇಂದಿನ ಈಥರ್ನೆಟ್ ತಂತಿಯನ್ನು ಸುಲಿದು ನೋಡಿದರೆ ಎಂಟು ಎಳೆಗಳು ಕಾಣುತ್ತವೆ. ಎರಡೆರಡು ಎಳೆಗಳನ್ನು ಒಂದಕ್ಕೊಂದು ಹೊಸೆದು ನಾಲ್ಕು ಜೋಡಿಗಳನ್ನಾಗಿ ಮಾಡಿರುತ್ತದೆ. ಈ ಹೊಸೆತ ಅಂದಕ್ಕಾಗಿ ಅಲ್ಲ. ಸಮೀಪದ ವಿದ್ಯುತ್ ತಂತಿಗಳಿಂದ ಬರುವ ಗೊಂದಲ ಹೊಸೆದ ಎರಡು ಎಳೆಗಳ ಮೇಲೂ ಸಮನಾಗಿ ಬೀಳುತ್ತದೆ. ಸಂಕೇತವಾದರೋ ಎರಡು ಎಳೆಗಳ ನಡುವಣ ವ್ಯತ್ಯಾಸದಲ್ಲಿರುತ್ತದೆ. ಆದುದರಿಂದ ಕಳೆದು ನೋಡಿದಾಗ ಗೊಂದಲ ಇಲ್ಲವಾಗಿ ಸಂಕೇತವಷ್ಟೇ ಉಳಿಯುತ್ತದೆ. ದೂರವಾಣಿಯನ್ನು ಕಂಡುಹಿಡಿದ ಅಲೆಗ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿಯೇ ಈ ಉಪಾಯಕ್ಕೆ ಹಕ್ಕುಪತ್ರ ಪಡೆದಿದ್ದನು. ಇಂತಹ ತಂತಿ 100 ಮೀಟರ್ ದೂರದವರೆಗೆ ನಂಬಿಕೆಯಿಂದ ಕೆಲಸ ಮಾಡುತ್ತದೆ. ಮನೆಗೆ ಅದು ಧಾರಾಳವಾಯಿತು.

ಎಲ್ಲಕ್ಕೂ ತಂತಿಯೇ ಬೇಕೆಂದಿಲ್ಲ. ರೇಡಿಯೋ ಅಲೆಗಳ ಮೂಲಕ ಕೆಲಸ ಮಾಡುವ ವೈ-ಫೈ ಇಂದು ಎಲ್ಲರಿಗೂ ಪರಿಚಿತ. ಆದರೆ ದಪ್ಪ ಗೋಡೆಗಳು ಅದನ್ನು ತಡೆಯುತ್ತವೆ. ನೆರೆಮನೆಯ ಅಲೆಗಳೂ ಅದರೊಡನೆ ಸ್ಪರ್ಧಿಸುತ್ತವೆ. ಇದಕ್ಕೊಂದು ಸರಳ ಸೂತ್ರವನ್ನು ಅನುಸರಿಸಬಹುದು. ಕೈಯಲ್ಲಿ ಹಿಡಿದು ಓಡಾಡುವ ವಸ್ತುವಿಗೆ ವೈ-ಫೈ, ಇದ್ದಲ್ಲಿಯೇ ಇರುವ ವಸ್ತುವಿಗೆ ತಂತಿ. ಸರ್ವರ್ ಇದ್ದಲ್ಲಿಯೇ ಇರುವ ವಸ್ತು.

ಜಾಲದಲ್ಲಿ ಸೇರಿದ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸ ಬೇಕು. ಅಂತರಜಾಲದ ಹಳೆಯ ಪದ್ಧತಿಯಲ್ಲಿ ವಿಳಾಸವು 32 ದ್ವಿಮಾನ ಅಂಕಿಗಳಿಂದ ಕೂಡಿರುತ್ತದೆ. ಹೀಗೆ ರಚಿಸಬಹುದಾದ ವಿಳಾಸಗಳ ಸಂಖ್ಯೆ ಸುಮಾರು 429 ಕೋಟಿ. ಇದು ಜಗತ್ತಿನ ಜನಸಂಖ್ಯೆಗಿಂತ ಕಡಿಮೆ! ಈ ಕೊರತೆಯನ್ನು ನಿವಾರಿಸಲು 128 ಅಂಕಿಗಳ ಹೊಸ ವಿಳಾಸ ಪದ್ಧತಿಯೂ ಬಳಕೆಗೆ ಬಂದಿದೆ. ಆದರೆ ಮನೆಗಳಲ್ಲಿ ಇಂದಿಗೂ ಹೆಚ್ಚಾಗಿ ಕಾಣುವುದು ಹಳೆಯ ಪದ್ಧತಿಯೇ. ಅದು ಸಾಧ್ಯವಾಗಿರುವುದು ಒಂದು ಜಾಣತನದ ಏರ್ಪಾಟಿನಿಂದ. ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲಿಯೂ ಒಂದನೆಯ ಅಡ್ಡರಸ್ತೆಯೊಂದಿದೆ. ಆಯಾ ಬಡಾವಣೆಯೊಳಗೆ ಇದರಿಂದ ಗೊಂದಲವೇನೂ ಆಗದು. ಅದೇ ರೀತಿ, 192.168 ಎಂದು ಮೊದಲಾಗುವ ವಿಳಾಸಗಳನ್ನೂ ಅಂತಹ ಇನ್ನು ಕೆಲವನ್ನೂ ಖಾಸಗಿ ಬಳಕೆಗೆಂದು 1996ರ ನಿಯಮವೊಂದು ಮೀಸಲಿಟ್ಟಿದೆ. ಅವು ಲಕ್ಷಾಂತರ ಮನೆಗಳಲ್ಲಿ ಮತ್ತೆ ಮತ್ತೆ ಬಳಕೆಯಾಗುತ್ತವೆ. ಮನೆಯ ಹೊರಗೆ ಅವಕ್ಕೆ ಬೆಲೆಯಿಲ್ಲ.

ಸಾಮಾನ್ಯವಾಗಿ ರೌಟರ್ ತನ್ನ ಬಳಿಗೆ ಬಂದ ಯಂತ್ರಗಳಿಗೆ ತಾತ್ಕಾಲಿಕವಾಗಿ ವಿಳಾಸವನ್ನು ಹಂಚುತ್ತದೆ. ಇಂದು ಒಂದು, ನಾಳೆ ಮತ್ತೊಂದು ಆಗಬಹುದು. ಅತಿಥಿಗಳಂತೆ ಬಂದುಹೋಗುವ ಫೋನುಗಳಿಗೆ ಇದು ಸರಿ. ಆದರೆ ಸರ್ವರಿನ ವಿಳಾಸ ದಿನಕ್ಕೊಂದಾದರೆ ಅದನ್ನು ಹುಡುಕುವುದೆಲ್ಲಿ? ಆದುದರಿಂದ ಅದಕ್ಕೆ ಸ್ಥಿರವಾದ ವಿಳಾಸವನ್ನು ರೌಟರಿನಲ್ಲಿ ಕಾಯ್ದಿರಿಸಬೇಕು. ಅಂಕಿಗಳನ್ನು ನೆನಪಿಡುವುದು ಮನುಷ್ಯನಿಗೆ ಕಷ್ಟ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಹೆಸರುಗಳನ್ನು ವಿಳಾಸಗಳಿಗೆ ಹೊಂದಿಸುವ ಒಂದು ವ್ಯವಸ್ಥೆಯನ್ನು ರೂಪಿಸಿದರು. ಮನೆಯ ಜಾಲದಲ್ಲಿಯೂ ಯಂತ್ರಗಳಿಗೆ ಹೀಗೆಯೇ ಹೆಸರಿಡಬಹುದು. ಮಕ್ಕಳು ಆಟಕ್ಕೆಂದು ಇಟ್ಟ ವಿಚಿತ್ರ ಹೆಸರಿಗಿಂತ, ಚಿತ್ರಗಳಿರುವ ಯಂತ್ರಕ್ಕೆ ಚಿತ್ರಶಾಲೆ ಎಂದೂ ಕಡತಗಳಿರುವ ಯಂತ್ರಕ್ಕೆ ಕಡತ ಎಂದೂ ಕೆಲಸವನ್ನು ಸೂಚಿಸುವ ಹೆಸರಿದ್ದರೆ ಎಲ್ಲರಿಗೂ ಅನುಕೂಲ.

ಮನೆಯ ಜಾಲ ಕೆಡುವುದು ಬಹುಮಟ್ಟಿಗೆ ಯಂತ್ರದ ದೋಷದಿಂದಲ್ಲ, ಅವ್ಯವಸ್ಥೆಯಿಂದ. ಮೇಜಿನ ಹಿಂದೆ ಹತ್ತಾರು ತಂತಿಗಳು ಒಂದಕ್ಕೊಂದು ಸುತ್ತಿಕೊಂಡು ಬಿದ್ದಿರುತ್ತವೆ. ಯಾವುದು ಯಾವುದರದೆಂದು ಯಾರಿಗೂ ತಿಳಿಯದು. ಕಸ ಗುಡಿಸುವಾಗ ಒಂದು ಸಡಿಲವಾಗುತ್ತದೆ. ಅದನ್ನು ಸರಿಪಡಿಸಹೋಗಿ ಇನ್ನೊಂದನ್ನು ಕೀಳುತ್ತಾರೆ. ಇದಕ್ಕೆ ಪರಿಹಾರ ಕಷ್ಟವಾದುದೇನೂ ಅಲ್ಲ. ರೌಟರ್, ಸ್ವಿಚ್, ಸರ್ವರ್ ಮೂರನ್ನೂ ಒಂದೇ ಕಡೆ, ಗಾಳಿಯಾಡುವ ಒಂದು ಹಲಗೆಯ ಮೇಲೆ, ನೆಲ ಒರೆಸುವ ನೀರು ತಾಗದ ಎತ್ತರದಲ್ಲಿ ಇಡಬೇಕು. ಮುಚ್ಚಿದ ಬೀರುವಿನೊಳಗೆ ಇಟ್ಟರೆ ಶಾಖ ಹೊರಹೋಗದೆ ಯಂತ್ರದ ಆಯುಸ್ಸು ಕುಗ್ಗುತ್ತದೆ. ವಿದ್ಯುತ್ತಿನ ತಂತಿಗಳನ್ನೂ ಜಾಲದ ತಂತಿಗಳನ್ನೂ ಬೇರೆ ಬೇರೆಯಾಗಿ ಸಾಗಿಸಬೇಕು. ಗೋಡೆಯೊಳಗಿನ ವಿದ್ಯುತ್ ಕೆಲಸವನ್ನು ಪರವಾನಗಿ ಪಡೆದ ಕೆಲಸಗಾರನಿಂದಲೇ ಮಾಡಿಸಬೇಕು. ಪ್ರತಿಯೊಂದು ತಂತಿಯ ಎರಡು ತುದಿಗಳಿಗೂ ಒಂದೇ ಹೆಸರಿನ ಚೀಟಿಯನ್ನು ಅಂಟಿಸಬೇಕು. ಕೊನೆಯದಾಗಿ, ಜಾಲದ ನಕ್ಷೆಯೊಂದನ್ನು ಕಾಗದದ ಮೇಲೆ ಬರೆದು ಅಲ್ಲಿಯೇ ಇರಿಸಬೇಕು. ಜಾಲವೇ ಕೆಟ್ಟಾಗ ಗಣಕದೊಳಗಿನ ನಕ್ಷೆಯನ್ನು ತೆರೆಯಲಾಗದೆಂಬುದನ್ನು ಮರೆಯಕೂಡದು.

ವಿದ್ಯುತ್ತು ಹೋಗಿಬರುವುದು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಸರ್ವರ್ ಏನನ್ನೋ ಬರೆದಿಡುತ್ತಿರುವ ಗಳಿಗೆಯಲ್ಲಿಯೇ ವಿದ್ಯುತ್ತು ನಿಂತರೆ ಬರಹ ಅರ್ಧಕ್ಕೆ ತುಂಡಾಗಿ ಕಡತ ಕೆಡಬಹುದು. ಇಲ್ಲಿಯೂ ಅಲ್ಪ ವಿದ್ಯುತ್ತಿನ ಯಂತ್ರದ ಹಿರಿಮೆ ಎದ್ದುಕಾಣುತ್ತದೆ. 12 ವೋಲ್ಟಿನ, 7 ಆಂಪಿಯರ್-ಗಂಟೆ ಸಾಮರ್ಥ್ಯದ ಚಿಕ್ಕ ಬ್ಯಾಟರಿಯಲ್ಲಿ 84 ವಾಟ್-ಗಂಟೆಗಳಷ್ಟು ಶಕ್ತಿ ಅಡಗಿದೆ. ರೌಟರ್, ಸ್ವಿಚ್, ಸರ್ವರ್ ಮೂರೂ ಸೇರಿ 20 ವಾಟ್ ಬಳಸಿದರೆ ಲೆಕ್ಕದ ಪ್ರಕಾರ ನಾಲ್ಕು ಗಂಟೆಗೂ ಮೀರಿ ನಡೆಯಬೇಕು. ಮಾರ್ಪಾಟಿನಲ್ಲಿ ಆಗುವ ನಷ್ಟವನ್ನು ಕಳೆದರೂ ಕೆಲವು ಗಂಟೆಗಳಿಗೆ ಕೊರತೆಯಿಲ್ಲ. 100 ವಾಟಿನ ಗಣಕಕ್ಕೆ ಅದೇ ಬ್ಯಾಟರಿ ಒಂದು ಗಂಟೆಗೂ ಸಾಲದು.

ಹೀಗೆ ಸಿದ್ಧವಾದ ಸರ್ವರ್ ಮನೆಗೆ ಹಲವು ಬಗೆಯ ಸೇವೆಯನ್ನು ಸಲ್ಲಿಸುತ್ತದೆ. ಎಲ್ಲರ ಫೋನಿನ ಚಿತ್ರಗಳೂ ರಾತ್ರಿಯ ವೇಳೆ ತಾವಾಗಿಯೇ ಅದಕ್ಕೆ ಬಂದು ಸೇರುವಂತೆ ಮಾಡಬಹುದು. ಒಬ್ಬರು ಬರೆದ ಲೆಕ್ಕವನ್ನು ಇನ್ನೊಬ್ಬರು ಬೇರೆ ಕೊಠಡಿಯಲ್ಲಿ ತೆರೆದು ನೋಡಬಹುದು. ಅಂತರಜಾಲದ ಸಂಪರ್ಕ ಕಡಿದುಹೋದಾಗಲೂ ಈ ಸೇವೆ ನಿಲ್ಲುವುದಿಲ್ಲ. ಏಕೆಂದರೆ ಸರ್ವರ್ ಮನೆಯೊಳಗೇ ಇದೆ. ಸಂಪರ್ಕವೇ ಇಲ್ಲದ ಹಳ್ಳಿಯ ಶಾಲೆಗಳಿಗೂ ಇದು ವರವಾಗಬಲ್ಲುದು. ಕಿವಿಕ್ಸ್ ಎಂಬ ಉಚಿತ ಸಾಧನದ ನೆರವಿನಿಂದ ವಿಕಿಪೀಡಿಯ ವಿಶ್ವಕೋಶದ ಪ್ರತಿಯನ್ನು ಚಿಕ್ಕ ಸರ್ವರಿನಲ್ಲಿ ತುಂಬಿಟ್ಟರೆ ಶಾಲೆಯ ಮಕ್ಕಳೆಲ್ಲ ಅದನ್ನು ಓದಬಹುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನೂ ಹೀಗೆ ಓದಲು ಸಾಧ್ಯ.

ಒಡೆತನದೊಡನೆ ಹೊಣೆಯೂ ಬರುತ್ತದೆ. ಸಂಗ್ರಹದ ಡಿಸ್ಕು ಶಾಶ್ವತವಾದುದಲ್ಲ. ನಿಮಿಷಕ್ಕೆ 5400 ಸಲ ತಿರುಗುವ ಅದರ ಬಿಲ್ಲೆ ಒಂದು ದಿನ ನಿಂತೇ ನಿಲ್ಲುತ್ತದೆ. ಉಗುರಿನಷ್ಟಿರುವ ಮೆಮೊರಿ ಕಾರ್ಡ್ ಕೂಡ ಮತ್ತೆ ಮತ್ತೆ ಬರೆಯುವುದರಿಂದ ಸವೆಯುತ್ತದೆ. ಇದಕ್ಕೆ ಅನುಭವಿಗಳು ಮೂರು, ಎರಡು, ಒಂದು ಎಂಬ ಸೂತ್ರವನ್ನು ಹೇಳುತ್ತಾರೆ. ಮುಖ್ಯವಾದುದೆಲ್ಲವೂ ಮೂರು ಪ್ರತಿಗಳಲ್ಲಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದು ಪ್ರತಿ ಮನೆಯ ಹೊರಗಿರಬೇಕು. ಬೆಂಕಿಯೋ ನೆರೆಯೋ ಬಂದಾಗ ಒಂದೇ ಮನೆಯಲ್ಲಿರುವ ಮೂರು ಪ್ರತಿಗಳೂ ಒಟ್ಟಿಗೇ ನಾಶವಾಗುತ್ತವೆ. ಹೊರಗಿನ ಪ್ರತಿಯನ್ನು ಬಂಧುಗಳ ಮನೆಯಲ್ಲಿ ಇಡಬಹುದು. ಬೀಗಮುದ್ರೆಯಂತೆ ಗೂಢಲಿಪಿಗೆ ಪರಿವರ್ತಿಸಿ ದೊಡ್ಡ ಸಂಸ್ಥೆಯ ಸರ್ವರಿನಲ್ಲಿಯೂ ಇಡಬಹುದು.

ಪ್ರತಿ ಇದ್ದರಷ್ಟೇ ಸಾಲದು, ಅದು ತೆರೆಯುವುದೋ ಇಲ್ಲವೋ ಎಂದು ಆಗಾಗ ಪರೀಕ್ಷಿಸಬೇಕು. 2017ನೆಯ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ಕೆಲಸಗಾರನೊಬ್ಬನು ಮುಖ್ಯ ಸಂಗ್ರಹವನ್ನು ತಪ್ಪಿ ಅಳಿಸಿಬಿಟ್ಟನು. ಪ್ರತಿ ತೆಗೆಯಲು ಹಲವು ಏರ್ಪಾಟುಗಳಿದ್ದರೂ ಅವು ಕೆಲಸ ಮಾಡುತ್ತಿರಲಿಲ್ಲವೆಂಬುದು ಆಗಲೇ ತಿಳಿದುಬಂದದ್ದು. ಅದೃಷ್ಟವಶಾತ್ ಆರು ಗಂಟೆಗಳ ಹಿಂದಿನ ಪ್ರತಿಯೊಂದು ಸಿಕ್ಕಿ ಹೆಚ್ಚಿನ ಅನಾಹುತ ತಪ್ಪಿತು. ತನ್ನ ಲೋಪವನ್ನು ಆ ಸಂಸ್ಥೆ ಮುಚ್ಚಿಡದೆ ಲೋಕಕ್ಕೆ ವಿವರಿಸಿದ್ದು ಇತರರಿಗೆ ಪಾಠವಾಯಿತು.

ಎರಡನೆಯ ಹೊಣೆ ಬಾಗಿಲ ಕಾವಲು. ಅಂಗಡಿಯಿಂದ ತಂದ ರೌಟರಿಗೂ ಕ್ಯಾಮರಾಕ್ಕೂ ತಯಾರಕರು ಒಂದು ಗುಪ್ತಪದವನ್ನು ಕೊಟ್ಟಿರುತ್ತಾರೆ. ಅನೇಕರು ಅದನ್ನು ಬದಲಿಸುವುದೇ ಇಲ್ಲ. 2016ರಲ್ಲಿ ಮಿರಾಯಿ ಎಂಬ ದುಷ್ಟ ಕ್ರಮವಿಧಿಯು ಇಂತಹ ಅರವತ್ತಕ್ಕೂ ಹೆಚ್ಚು ಗುಪ್ತಪದಗಳನ್ನು ಒಂದೊಂದಾಗಿ ಪ್ರಯೋಗಿಸಿ ಲಕ್ಷಾಂತರ ಉಪಕರಣಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್ 21ರಂದು ಹೆಸರುಗಳನ್ನು ವಿಳಾಸಕ್ಕೆ ಹೊಂದಿಸುವ ಅಮೆರಿಕದ ಡಿನ್ ಎಂಬ ಸಂಸ್ಥೆಯ ಮೇಲೆ ಅಂತಹ ಉಪಕರಣಗಳು ಏಕಕಾಲಕ್ಕೆ ಮುಗಿಬಿದ್ದುವು. ಹಲವು ಪ್ರಮುಖ ತಾಣಗಳು ಗಂಟೆಗಟ್ಟಲೆ ಜನರಿಗೆ ಸಿಗದಾದುವು. ಉಪಕರಣಗಳ ಒಡೆಯರಿಗೆ ತಮ್ಮ ಮನೆಯ ಯಂತ್ರ ಲೋಕಕಂಟಕವಾಗಿದೆಯೆಂಬುದರ ಅರಿವೇ ಇರಲಿಲ್ಲ. ಆದುದರಿಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸುವುದು, ತಯಾರಕರು ಕಳುಹಿಸುವ ತಿದ್ದುಪಡಿಗಳನ್ನು ಅಳವಡಿಸುವುದು, ಅಗತ್ಯವಿಲ್ಲದೆ ಸರ್ವರಿನ ಬಾಗಿಲನ್ನು ಹೊರಲೋಕಕ್ಕೆ ತೆರೆಯದಿರುವುದು, ಈ ಮೂರೂ ತನ್ನ ಮನೆಯ ಹಿತಕ್ಕಷ್ಟೇ ಅಲ್ಲ, ನೆರೆಹೊರೆಯ ಹಿತಕ್ಕೂ ಅವಶ್ಯ.

ಮೂರನೆಯ ಹೊಣೆ ತಿಳಿವಳಿಕೆಯನ್ನು ಹಂಚುವುದು. ಎಷ್ಟೋ ಮನೆಗಳಲ್ಲಿ ಜಾಲದ ಮರ್ಮ ಒಬ್ಬರಿಗೆ ಮಾತ್ರ ತಿಳಿದಿರುತ್ತದೆ. ಅವರು ಪರ ಊರಿಗೆ ಹೋದಾಗ, ಕಾಯಿಲೆ ಬಿದ್ದಾಗ ಸರ್ವರ್ ನಿಂತರೆ ಉಳಿದವರು ಅಸಹಾಯಕರಾಗುತ್ತಾರೆ. ಟ್ರಂಕು ಮನೆಯಲ್ಲಿಯೇ ಇದ್ದರೂ ಬೀಗದಕೈ ಕಳೆದಂತಾಗುತ್ತದೆ. ಆದುದರಿಂದ ಜಾಲವನ್ನು ಕಟ್ಟಿದವರು ಅದರ ವಿವರವನ್ನು, ನಿಲ್ಲಿಸುವ ಮತ್ತು ಮತ್ತೆ ಆರಂಭಿಸುವ ಕ್ರಮವನ್ನು, ಪ್ರತಿಗಳಿರುವ ಸ್ಥಳವನ್ನು ಸರಳವಾದ ಮಾತುಗಳಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಗುಪ್ತಪದಗಳನ್ನು ಮಾತ್ರ ಪ್ರತ್ಯೇಕವಾಗಿ, ಮನೆಯ ಹಿರಿಯರಿಗೆ ತಿಳಿದಿರುವ ಭದ್ರವಾದ ಕಡೆ ಇರಿಸಬೇಕು. ಯಂತ್ರವನ್ನು ಅರಿಯದವರೂ ಆ ಪುಸ್ತಕವನ್ನು ಓದಿ ಅದನ್ನು ನಡೆಸುವಂತಿದ್ದರೆ ಆಗ ಆ ಜಾಲ ಇಡೀ ಮನೆಗೆ ಸೇರಿದ್ದು ಎನ್ನಬಹುದು.

ಈ ಕಾರ್ಯಕ್ಕೆ ಹೆಚ್ಚಿನ ಹಣವಾಗಲಿ ದೊಡ್ಡ ಯಂತ್ರವಾಗಲಿ ಬೇಕಾಗಿಲ್ಲ. ಬೇಕಾದುದು ಅಚ್ಚುಕಟ್ಟುತನ, ಮಿತವ್ಯಯ ಮತ್ತು ಮುಂದಾಲೋಚನೆ. ಜಿನೀವಾದ ಆ ಕಪ್ಪು ಗಣಕಕ್ಕೆ ಅಂಟಿಸಿದ ಚೀಟಿ ಇದನ್ನೇ ಸಾರುತ್ತದೆ. ಅದನ್ನು ಬರೆದ ವಿಜ್ಞಾನಿ ಹೊಸ ಯುಗವನ್ನು ತೆರೆಯಬಲ್ಲ ಪ್ರತಿಭಾಶಾಲಿಯಾಗಿದ್ದರೂ ತನ್ನ ಯಂತ್ರವನ್ನು ಕಾಪಾಡಲು ತುಂಡು ಕಾಗದ, ಕೆಂಪು ಶಾಯಿಗಳನ್ನು ನಂಬಿದರು. ದಾರಿಯಲ್ಲಿ ಹಾದುಹೋಗುವ ಯಾರಾದರೂ ಓದಿ ತಿಳಿಯಬಹುದಾದ ಆ ಒಂದು ಸಾಲು ಯಂತ್ರದಷ್ಟೇ ಅವಶ್ಯಕವಾಗಿತ್ತು.